ಜಗತ್ತಿನ ಅತಿ ದೊಡ್ಡ ಸಂಖ್ಯೆ ಪತ್ತೆಯಾಯಿತೇ? ಬ್ಯಾಂಕ್ ಪಾಸ್‌ವರ್ಡ್‌ಗೆ ಅಪಾಯವೇ?

‘ಜಗತ್ತಿನ ಅತಿ ದೊಡ್ಡ ಸಂಖ್ಯೆ ಸಿಕ್ಕಿದೆ, ಇನ್ನು ಬ್ಯಾಂಕ್ ಖಾತೆಗಳು ಸುರಕ್ಷಿತವಲ್ಲ’ ಎಂಬರ್ಥದ ಮೆಸೇಜ್ ನಿಮ್ಮ ವಾಟ್ಸಾಪ್ ಗ್ರೂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ. ಅದರಲ್ಲಿ ಎಳ್ಳಷ್ಟು ನಿಜ ಇದೆ. ಉಳಿದದ್ದು ತಪ್ಪು.

ನಿಜವಾಗಿ ಸಿಕ್ಕಿದ್ದೇನು?

2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಲ್ಯೂಕ್ ಡ್ಯುರಾಂಟ್ ಒಂದು ಭಾರಿ ಅವಿಭಾಜ್ಯ ಸಂಖ್ಯೆಯನ್ನು ಪತ್ತೆ ಮಾಡಿದರು. 1 ಮತ್ತು ಅದೇ ಸಂಖ್ಯೆಯನ್ನು ಬಿಟ್ಟು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ 2, 3, 5, 7ರಂತಹವೇ ಅವಿಭಾಜ್ಯ ಸಂಖ್ಯೆಗಳು. 13,62,79,841 ಎರಡುಗಳನ್ನು ಒಟ್ಟಿಗೆ ಗುಣಿಸಿ, ಉತ್ತರದಲ್ಲಿ 1 ಕಳೆದರೆ ಡ್ಯುರಾಂಟ್ ಅವರ ಸಂಖ್ಯೆ ಬರುತ್ತದೆ. ಇಂತಹವಕ್ಕೆ ಮರ್ಸೆನ್ ಅವಿಭಾಜ್ಯಗಳು ಎಂದು ಹೆಸರು. ಇದು ನಮಗೆ ಗೊತ್ತಿರುವ 52ನೆಯದು.

ಇದರಲ್ಲಿ 4,10,24,320 ಅಂಕಿಗಳಿವೆ. ಸೆಕೆಂಡಿಗೆ ಒಂದು ಅಂಕಿಯಂತೆ ಊಟ, ನಿದ್ದೆ ಬಿಟ್ಟು ಓದಿದರೂ ಸುಮಾರು 475 ದಿನ ಬೇಕು.

ಪರೀಕ್ಷಿಸಿದ್ದು ಹೇಗೆ?

ಇಷ್ಟು ದೊಡ್ಡ ಸಂಖ್ಯೆಯನ್ನು ಒಂದೊಂದರಿಂದ ಭಾಗಿಸಿ ನೋಡುತ್ತಾ ಕೂತರೆ ಮುಗಿಯುವುದೇ ಇಲ್ಲ. ಮರ್ಸೆನ್ ಸಂಖ್ಯೆಗಳಿಗೆ ಲೂಕಾಸ್–ಲೆಹ್ಮರ್ ಪರೀಕ್ಷೆ ಎಂಬ ಸುಲಭ ದಾರಿ ಇದೆ. 31ನ್ನು (ಐದು ಎರಡುಗಳ ಗುಣಲಬ್ಧ 32, ಅದರಲ್ಲಿ 1 ಕಳೆದರೆ 31) ತೆಗೆದುಕೊಳ್ಳಿ. 4ರಿಂದ ಶುರು ಮಾಡಿ. ಪ್ರತಿ ಸಲ ವರ್ಗ ಮಾಡಿ, 2 ಕಳೆದು, 31ರಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳಿ.

• 4ರ ವರ್ಗ 16, 2 ಕಳೆದರೆ 14
• 14ರ ವರ್ಗ 196, 2 ಕಳೆದರೆ 194, ಶೇಷ 8
• 8ರ ವರ್ಗ 64, 2 ಕಳೆದರೆ 62, ಶೇಷ 0

ಎರಡುಗಳು ಐದಿದ್ದರೆ ಹೀಗೆ ಮೂರು ಸಲ, ಅಂದರೆ ಎರಡು ಕಡಿಮೆ ಸಲ ಮಾಡಬೇಕು. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಡ್ಯುರಾಂಟ್ ಅವರ ಸಂಖ್ಯೆಗೆ ಇದೇ ಲೆಕ್ಕವನ್ನು 13 ಕೋಟಿಗೂ ಹೆಚ್ಚು ಸಲ ಮಾಡಬೇಕು. ಅದಕ್ಕೇ ಶಕ್ತಿಶಾಲಿ ಕಂಪ್ಯೂಟರ್ ಬೇಕಾಯಿತು.

ಇದೇ ಅತಿ ದೊಡ್ಡದೇ?

ಅಲ್ಲ. ಅತಿ ದೊಡ್ಡ ಸಂಖ್ಯೆ ಎಂಬುದೇ ಇಲ್ಲ, ಯಾವುದಕ್ಕೂ 1 ಕೂಡಿಸಬಹುದು. ಅವಿಭಾಜ್ಯಗಳಿಗೂ ಕೊನೆಯಿಲ್ಲ ಎಂದು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತೋರಿಸಿದ್ದರು. ನಿಮ್ಮ ಪಟ್ಟಿಯ ಎಲ್ಲ ಅವಿಭಾಜ್ಯಗಳನ್ನು ಗುಣಿಸಿ 1 ಕೂಡಿಸಿ. ಪಟ್ಟಿಯ ಯಾವ ಸಂಖ್ಯೆಯಿಂದ ಭಾಗಿಸಿದರೂ 1 ಉಳಿಯುತ್ತದೆ. ಅಂದರೆ ಪಟ್ಟಿಯಲ್ಲಿಲ್ಲದ ಇನ್ನೊಂದು ಅವಿಭಾಜ್ಯ ಇರಲೇಬೇಕು.

ಬ್ಯಾಂಕ್ ಖಾತೆಗೆ ಅಪಾಯವೇ?

ಇಲ್ಲ. ಆನ್‌ಲೈನ್ ಸುರಕ್ಷತೆಯಲ್ಲಿ ಬಳಸುವ ಆರ್‌ಎಸ್‌ಎ ಎಂಬ ವಿಧಾನದಲ್ಲಿ ಅವಿಭಾಜ್ಯಗಳಿಗೆ ಕೆಲಸವಿರುವುದು ನಿಜ. ಆದರೆ ಸಾಮಾನ್ಯವಾಗಿ ಅಲ್ಲಿ ಬಳಸುವವು ಕೆಲವು ನೂರು ಅಂಕಿಗಳ ಸಂಖ್ಯೆಗಳು. ಅವನ್ನು ಕಂಪ್ಯೂಟರ್ ಯದ್ವಾತದ್ವಾ ಆರಿಸಿ ಗುಟ್ಟಾಗಿಡುತ್ತದೆ. ಎಲ್ಲರಿಗೂ ಗೊತ್ತಿರುವ ಈ 4 ಕೋಟಿ ಅಂಕಿಗಳ ಸಂಖ್ಯೆಯಿಂದ ಆ ಗುಟ್ಟು ಒಡೆಯುವುದಿಲ್ಲ. ಖಾತೆಯ ಹಣ ಹೋಗುವುದು ಒಟಿಪಿಯನ್ನು ಅಪರಿಚಿತರಿಗೆ ಹೇಳಿದಾಗ. ‘ಸುರಕ್ಷತೆಗಾಗಿ ಪಾಸ್‌ವರ್ಡ್ ಬದಲಿಸಿ’ ಎಂದು ಇಂತಹ ಮೆಸೇಜ್ ಜೊತೆ ಲಿಂಕ್ ಬಂದರೆ ಅದನ್ನು ಒತ್ತಲೇಬೇಡಿ.

ನೀವೇ ಮಾಡಬಹುದಾದ ಪರೀಕ್ಷೆ

ಎರಡುಗಳನ್ನು ಗುಣಿಸುತ್ತಾ ಹೋದರೆ ಕೊನೆಯ ಅಂಕಿ 2, 4, 8, 6 ಎಂದು ಸುತ್ತು ಹಾಕುತ್ತದೆ. 13,62,79,841ನ್ನು 4ರಿಂದ ಭಾಗಿಸಿದರೆ ಶೇಷ 1. ಹಾಗಾಗಿ ಸುತ್ತಿನ ಮೊದಲ ಅಂಕಿ 2 ಬರುತ್ತದೆ, 1 ಕಳೆದರೆ ಉಳಿಯುವುದು 1. ‘ಇದೇ ಆ ಸಂಖ್ಯೆ’ ಎಂದು ಬಂದ ಉದ್ದನೆಯ ಮೆಸೇಜ್ 1ರಲ್ಲಿ ಮುಗಿಯದಿದ್ದರೆ, ಪೂರ್ತಿ ಓದದೆಯೇ ಅದು ತಪ್ಪೆಂದು ಹೇಳಬಹುದು.