ಓಪಿಡಿ ಚೀಟಿಯಿಂದ ಕಂಪ್ಯೂಟರ್ ಪರದೆಗೆ

ತಾಲ್ಲೂಕು ಆಸ್ಪತ್ರೆಯ ಓಪಿಡಿ ಮುಂದೆ ಬೆಳಿಗ್ಗೆ ಸಾಲು ನಿಂತವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇದ್ದೇ ಇರುತ್ತದೆ. ಮಡಚಿ ಮಡಚಿ ಹರಿಯಲು ಬಂದ ಚೀಟಿಗಳು, ಅಕ್ಷರ ಮಾಸಿದ ಲ್ಯಾಬ್ ರಿಪೋರ್ಟು, ಖಾಲಿಯಾದ ಮಾತ್ರೆ ಶೀಟು. ಹತ್ತು ವರ್ಷದ ಸಕ್ಕರೆ ಕಾಯಿಲೆಯ ಚರಿತ್ರೆಯೆಲ್ಲ ಅದರಲ್ಲೇ. ವೈದ್ಯರಿಗೆ ಸಿಗುವ ಎರಡು ಮೂರು ನಿಮಿಷದಲ್ಲಿ ಮೇಲಿನ ಚೀಟಿಯಷ್ಟೇ ಕಣ್ಣಿಗೆ ಬೀಳುತ್ತದೆ. ಮೂತ್ರಪಿಂಡದ ಸ್ಥಿತಿ ತೋರುವ ಕ್ರಿಯಾಟಿನಿನ್ ಹೋದ ವರ್ಷಕ್ಕಿಂತ ಏರಿದೆಯೇ, ಕಣ್ಣು ಪರೀಕ್ಷಿಸಿ ಎಷ್ಟು ದಿನವಾಯಿತು, ಪಾದದ ಸ್ಪರ್ಶಜ್ಞಾನವನ್ನು ಯಾರಾದರೂ ನೋಡಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಕವರಿನ ತಳದಲ್ಲೇ ಉಳಿಯುತ್ತದೆ.

ಈ ತೊಡಕನ್ನು ಕಂಪ್ಯೂಟರಿನಿಂದ ಬಿಡಿಸಲು ಹೊರಟು ಅರ್ಧ ಶತಮಾನ ದಾಟಿದೆ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಡಾ. ಕ್ಲೆಮೆಂಟ್ ಮೆಕ್‌ಡೊನಾಲ್ಡ್ ಮತ್ತು ಸಂಗಡಿಗರು 1972ರಲ್ಲಿ ಕಟ್ಟತೊಡಗಿದ ದಾಖಲೆ ವ್ಯವಸ್ಥೆ ಶುರುವಾದದ್ದೇ ಮಧುಮೇಹ ಕ್ಲಿನಿಕ್ಕಿನ 35 ರೋಗಿಗಳಿಂದ. ನಾಲ್ಕು ವರ್ಷದ ಬಳಿಕ ಅವರೊಂದು ಪ್ರಯೋಗ ಪ್ರಕಟಿಸಿದರು. ಗಮನಿಸಬೇಕಾದ ಅಂಶವನ್ನು ಕಂಪ್ಯೂಟರ್ ಮುಂಚೆಯೇ ನೆನಪಿಸಿದಾಗ ವೈದ್ಯರು ನೂರಕ್ಕೆ 51 ಸಲ ಕ್ರಮ ಕೈಗೊಂಡರು. ನೆನಪಿಸದಿದ್ದಾಗ 22 ಸಲ ಮಾತ್ರ. ವೈದ್ಯರು ಎಡವುವುದು ತಿಳಿಯದೆ ಅಲ್ಲ, ತಲೆಯಲ್ಲಿ ಹಿಡಿಸಲಾರದಷ್ಟು ವಿವರ ಒಮ್ಮೆಗೇ ಬಂದು ಬೀಳುವುದರಿಂದ ಎಂಬುದು ಮೆಕ್‌ಡೊನಾಲ್ಡ್ ವಾದ. ಇಂದಿಗೂ ಈ ಕ್ಷೇತ್ರದಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಸಿಗುವುದು ಕಷ್ಟ.

1990ರ ದಶಕದಲ್ಲಿ ಸ್ಕಾಟ್ಲೆಂಡಿನ ಟೇಸೈಡ್ ಇನ್ನೊಂದು ಹೆಜ್ಜೆ ಇಟ್ಟಿತು. ಔಷಧ ಚೀಟಿ, ಪ್ರಯೋಗಾಲಯದ ಫಲಿತಾಂಶ, ಕಣ್ಣಿನ ತಪಾಸಣೆ ಎಲ್ಲವನ್ನೂ ಪ್ರತಿಯೊಬ್ಬರಿಗೂ ಇರುವ ಒಂದೇ ಆರೋಗ್ಯ ಸಂಖ್ಯೆಯಡಿ ಪೋಣಿಸಲಾಯಿತು. ಈಗ ಆ ದೇಶದ ಮಧುಮೇಹಿಗಳು ತಮ್ಮ ದಾಖಲೆಯನ್ನು ಮನೆಯಲ್ಲೇ ಕೂತು ನೋಡಬಹುದು.

ಆದರೆ ಬರೀ ದಾಖಲಿಸಿದ ಮಾತ್ರಕ್ಕೆ ಸಕ್ಕರೆ ಇಳಿಯುವುದಿಲ್ಲ. ವಿದ್ಯುನ್ಮಾನ ದಾಖಲೆ ಬಂದ ಮೇಲೆ ಪರೀಕ್ಷೆಗಳು ಹೆಚ್ಚಾದವು, ನಿಯಂತ್ರಣ ಸುಧಾರಿಸಲಿಲ್ಲ ಎಂದು 2005ರ ಅಮೆರಿಕನ್ ಅಧ್ಯಯನವೊಂದು ಹೇಳಿತು. 2011ರಲ್ಲಿ ಕ್ಲೀವ್‌ಲ್ಯಾಂಡ್‌ನಿಂದ ಬಂದ ವರದಿಯದು ಬೇರೆಯೇ ಚಿತ್ರ: ಚಿಕಿತ್ಸೆಯ ನಿಗದಿತ ಮಾನದಂಡಗಳೆಲ್ಲ ಪೂರೈಸಿದ್ದು ಕಾಗದದ ಕ್ಲಿನಿಕ್ಕುಗಳಲ್ಲಿ ಶೇ. 6.6 ರೋಗಿಗಳಿಗೆ, ಕಂಪ್ಯೂಟರ್ ಇದ್ದಲ್ಲಿ ಶೇ. 50.9 ಮಂದಿಗೆ. ಎರಡು ಬಗೆಯ ಕ್ಲಿನಿಕ್ಕುಗಳ ನಡುವೆ ಬೇರೆ ಅಂತರಗಳೂ ಇದ್ದಿರಬಹುದು. ಹಾಗಾಗಿ ಶ್ರೇಯಸ್ಸನ್ನೆಲ್ಲ ಯಂತ್ರಕ್ಕೇ ಕೊಡುವಂತಿಲ್ಲ.

ನಮಗೆ ಹತ್ತಿರದ ಪುರಾವೆ 2016ರದು. ಭಾರತ ಮತ್ತು ಪಾಕಿಸ್ತಾನದ ಹತ್ತು ಕ್ಲಿನಿಕ್ಕುಗಳಲ್ಲಿ 1,146 ಮಂದಿಯನ್ನು ಒಳಗೊಂಡ 'ಕಾರ್ಸ್' ಪ್ರಯೋಗದಲ್ಲಿ ಬೆಂಗಳೂರೂ ಇತ್ತು. ಅಲ್ಲಿ ತಂತ್ರಾಂಶ ಸಲಹೆ ಕೊಡುತ್ತಿತ್ತು. ಜೊತೆಗೆ ರೋಗಿಯ ಬೆನ್ನು ಬಿಡದೆ ವಿಚಾರಿಸುವ, ವೈದ್ಯರಲ್ಲದ ಸಂಯೋಜಕರೊಬ್ಬರಿದ್ದರು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರುವ ಎಚ್‌ಬಿಎ1ಸಿ ಹತೋಟಿಗೆ ಬಂದು, ಜೊತೆಗೆ ರಕ್ತದೊತ್ತಡವೋ ಕೆಟ್ಟ ಕೊಲೆಸ್ಟರಾಲೋ ಇಲ್ಲವೇ ಎರಡೂ ಗುರಿಯ ಮಟ್ಟಕ್ಕೆ ಇಳಿದವರು ಶೇ. 18.2, ಮಾಮೂಲಿ ಚಿಕಿತ್ಸೆಯಲ್ಲಿ ಶೇ. 8.1. ಇಮ್ಮಡಿಗೂ ಮಿಗಿಲು ನಿಜ, ಆದರೂ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿ ಗುರಿ ಮುಟ್ಟಲಿಲ್ಲ.

ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ನಡೆದ 'ಎಂ-ವೆಲ್‌ಕೇರ್' ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ನರ್ಸ್ ಟ್ಯಾಬಿನಲ್ಲಿ ವಿವರ ತುಂಬುವುದು, ತಂತ್ರಾಂಶ ಔಷಧ ಸೂಚಿಸುವುದು, ವೈದ್ಯರು ತೀರ್ಮಾನಿಸುವುದು, ರೋಗಿಗೆ ಮೆಸೇಜು ಹೋಗುವುದು. ರಕ್ತದೊತ್ತಡ ಎರಡೂ ಗುಂಪಿನಲ್ಲಿ ಇಳಿಯಿತು. ಟ್ಯಾಬ್ ಇದ್ದ ಕಡೆ ಅದರಲ್ಲಾಗಲಿ ಎಚ್‌ಬಿಎ1ಸಿಯಲ್ಲಾಗಲಿ ಹೆಚ್ಚಿನ ಲಾಭ ಕಾಣಲಿಲ್ಲ. ಹೋಲಿಕೆಯ ಕೇಂದ್ರಗಳಿಗೂ ತರಬೇತಿ ಸಿಕ್ಕಿತ್ತು ಎಂಬುದನ್ನು ಮರೆಯಬಾರದು. ಎರಡು ಪ್ರಯೋಗಗಳನ್ನು ಪಕ್ಕಪಕ್ಕ ಇಟ್ಟರೆ ಕಣ್ಣು ಹೋಗುವುದು 'ಕಾರ್ಸ್'ನ ಆ ಸಂಯೋಜಕರ ಕಡೆಗೆ. ಅಂಥ ಹುದ್ದೆಗೆ ನಮ್ಮ ಆಸ್ಪತ್ರೆಗಳು ಸಂಬಳ ಎತ್ತಿಡಲೇಬೇಕು.

ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದು ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಅಂದಾಜಿಸಿತು. 2021ರಲ್ಲಿ ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 14 ಅಂಕಿಯ ಆಭಾ ಸಂಖ್ಯೆ ಕೊಡುತ್ತಿದೆ. ಸರ್ಕಾರಿ ಆಸ್ಪತ್ರೆಯ ಚೀಟಿಯೂ ಖಾಸಗಿ ಲ್ಯಾಬಿನ ರಿಪೋರ್ಟೂ ಒಂದೇ ಕಡೆ ಸಿಗಲಿ ಎಂಬುದು ಅದರ ಆಶಯ. ದಾಖಲೆ ನೋಡಲು ರೋಗಿಯ ಒಪ್ಪಿಗೆ ಬೇಕು, ಅದು ಸರಿಯೇ. ಆದರೆ ಸಾಲಿನಲ್ಲಿ ನಿಂತ ಅಜ್ಜಿಯೊಬ್ಬಳ ಆಭಾ ಸಂಖ್ಯೆಗೆ ಜೋಡಿಸಿದ ಮೊಬೈಲು ಬೆಂಗಳೂರಿನಲ್ಲಿರುವ ಮಗನದು. ಒಟಿಪಿ ಅವನ ಫೋನಿಗೆ ಹೋಗುತ್ತದೆ, ಅವನು ಡ್ಯೂಟಿಯಲ್ಲಿರುತ್ತಾನೆ. ಇತ್ತ ಓಪಿಡಿಯಲ್ಲಿ ಅಜ್ಜಿ ಮತ್ತೆ ಪ್ಲಾಸ್ಟಿಕ್ ಕವರ್ ಬಿಚ್ಚುತ್ತಾಳೆ.