ಆಕಾಶದ ಅಂಕಿಗಳಿಂದ ಅಂಗೈಯ ಆ್ಯಪ್‌ವರೆಗೆ: ರಹಸ್ಯ ಸಂದೇಶಗಳ ಹೊಸ ಹಾದಿ

ಶಿವಮೊಗ್ಗ: ಅದು ವಾರ್ತೆಯೂ ಅಲ್ಲ, ಹಾಡೂ ಅಲ್ಲ. ಐದೈದು ಅಂಕಿಗಳ ಗುಂಪುಗಳನ್ನು ಒಂದೇ ಲಯದಲ್ಲಿ ಓದುವ ದನಿ. ಶೀತಲ ಸಮರದ ಕಾಲದಲ್ಲಿ ಶಾರ್ಟ್‌ವೇವ್ ರೇಡಿಯೊ ಕೇಳುಗರನ್ನು ಬೆರಗುಗೊಳಿಸಿದ್ದ ಈ ಪ್ರಸಾರಗಳಿಗೆ 'ನಂಬರ್ಸ್ ಸ್ಟೇಷನ್' ಎಂದು ಹೆಸರು. ಪರದೇಶದಲ್ಲಿರುವ ಗೂಢಚಾರರಿಗೆ ಅವರ ಸರ್ಕಾರಗಳು ಆದೇಶ ಕಳುಹಿಸುತ್ತಿದ್ದ ವಿಧಾನವಿದು.

ರೇಡಿಯೊ ಏಕೆ?

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಗುಡ್ಡ ಅಡ್ಡಬಂದರೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲವೆಂಬುದು ಎಲ್ಲರಿಗೂ ತಿಳಿದದ್ದೇ. ಶಾರ್ಟ್‌ವೇವ್‌ಗೆ ಈ ತೊಡಕು ಕಡಿಮೆ. ವಾಯುಮಂಡಲದ ಮೇಲಿನ ಅಯಾನುಗೋಳದಿಂದ ಬಾಗಿ ಹಿಂದಿರುಗುವ ಅದರ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ ಮೇಲಿನಿಂದ ಇಳಿಯುತ್ತವೆ. ಇದಕ್ಕಿಂತ ಮುಖ್ಯವಾದದ್ದೆಂದರೆ, ರೇಡಿಯೊ ಕೇಳಿದವರು ಯಾರೆಂಬುದು ಎಲ್ಲಿಯೂ ದಾಖಲಾಗುವುದಿಲ್ಲ.

ಸಂಕೇತದ ಕೀಲಿಯೂ ಅಷ್ಟೇ ಭದ್ರ. ಕಳುಹಿಸುವವರ ಹಾಗೂ ಪಡೆಯುವವರ ಬಳಿ ಮಾತ್ರ ಇರುವ, ಒಮ್ಮೆ ಬಳಸಿ ನಾಶಮಾಡುವ ಅಂಕಿಗಳ ಪಟ್ಟಿಯೇ ಆ ಕೀಲಿ. ನಿಯಮ ಮೀರದೆ ಬಳಸಿದರೆ ಇದನ್ನು ಭೇದಿಸಲಾಗದು.

ಸಿಕ್ಕಿಬಿದ್ದದ್ದು ಹೇಗೆ?

ಅಮೆರಿಕದ ರಕ್ಷಣಾ ಗುಪ್ತಚರ ಸಂಸ್ಥೆಯಲ್ಲಿದ್ದುಕೊಂಡು ಕ್ಯೂಬಾಕ್ಕೆ ಮಾಹಿತಿ ನೀಡುತ್ತಿದ್ದ ಅನಾ ಮಾಂಟೆಸ್ 2001ರಲ್ಲಿ ಬಂಧಿತರಾದರು. ಅವರು ರೇಡಿಯೊದಲ್ಲಿ ಅಂಕಿ ಕೇಳಿ ಕಂಪ್ಯೂಟರ್‌ನಲ್ಲಿ ಬಿಡಿಸಿಕೊಳ್ಳುತ್ತಿದ್ದರು. ಅಳಿಸಿದ್ದರೂ ಕಂಪ್ಯೂಟರ್‌ನಲ್ಲಿ ಉಳಿದಿದ್ದ ಕುರುಹುಗಳು ತನಿಖೆಗೆ ನೆರವಾದವು. 2011ರಲ್ಲಿ ಜರ್ಮನಿಯಲ್ಲಿ ಸೆರೆಯಾದ ರಷ್ಯಾದ ಗೂಢಚಾರ ದಂಪತಿಯದು ಸಂಧಿಕಾಲದ ಕಥೆ. ಅವರಿಗೆ ಆದೇಶ ಬರುತ್ತಿದ್ದುದು ಶಾರ್ಟ್‌ವೇವ್‌ನಲ್ಲಿ. ಉತ್ತರ ಹೋಗುತ್ತಿದ್ದುದು ಉಪಗ್ರಹದ ಮೂಲಕ. ಯೂಟ್ಯೂಬ್ ಪ್ರತಿಕ್ರಿಯೆಗಳಲ್ಲಿಯೂ ಸಂಕೇತಗಳಿದ್ದವು.

ಸೈಪ್ರಸ್‌ನಿಂದ ಪ್ರಸಾರವಾಗುತ್ತಿದ್ದ ಪ್ರಸಿದ್ಧ 'ಲಿಂಕನ್‌ಶೈರ್ ಪೋಚರ್' ಕೇಂದ್ರ 2008ರಲ್ಲಿ ಮೌನವಾಯಿತು. ಕ್ಯೂಬಾದ ಪ್ರಸಾರಗಳಲ್ಲಿ ಓದುವ ದನಿಯ ಜೊತೆಗೆ ಡಿಜಿಟಲ್ ಸಂಕೇತಗಳೂ ಸೇರಿಕೊಂಡವು.

ಮಲೆನಾಡಿಗೂ ಬಂದ ಪ್ರಶ್ನೆ

2022ರ ಶಿವಮೊಗ್ಗ ಐಎಸ್ ಸಂಚು ಪ್ರಕರಣ ಗೂಢಚಾರಿಕೆಯದಲ್ಲ, ಭಯೋತ್ಪಾದನೆಯ ಆರೋಪದ್ದು. ಆದರೆ ದೂರದಿಂದ ಆದೇಶ ಕಳುಹಿಸುವ ಸಮಸ್ಯೆ ಅಲ್ಲಿಯೂ ಅದೇ. ತೀರ್ಥಹಳ್ಳಿಯವರೂ ಆರೋಪಿಗಳಾಗಿರುವ ಈ ಪ್ರಕರಣದಲ್ಲಿ, ವಿದೇಶದಲ್ಲಿರುವ ಸೂತ್ರಧಾರರು ಅಂತರ್ಜಾಲದ ಮೂಲಕ ನಿರ್ದೇಶನ ನೀಡುತ್ತಿದ್ದರೆಂಬುದು ರಾಷ್ಟ್ರೀಯ ತನಿಖಾ ದಳದ ಆರೋಪ. ಅದೇ ವರ್ಷ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೊದೊಳಗೆ ಕುಕ್ಕರ್ ಬಾಂಬ್ ಸ್ಫೋಟಗೊಂಡಾಗ ಏನೂ ಅರಿಯದ ಚಾಲಕರೂ ಗಾಯಗೊಂಡರು.

ಗೂಢಲಿಪಿ ಆ್ಯಪ್‌ಗಳಲ್ಲಿ ಸಂದೇಶದ ಒಳಗಿನ ಮಾತು ಭದ್ರ. ಆದರೆ ಯಾವ ಫೋನ್, ಯಾವ ಹೊತ್ತಿನಲ್ಲಿ, ಯಾವ ಗೋಪುರದ ವ್ಯಾಪ್ತಿಯಲ್ಲಿತ್ತು ಎಂಬ ಜಾಡು ಜಾಲದಲ್ಲಿ ಉಳಿಯುತ್ತದೆ. ತನಿಖೆಗೆ ದಾರಿ ತೋರುವುದು ಈ ಜಾಡೇ. ಪತ್ರಕರ್ತರು, ವಕೀಲರು, ಸಾಮಾನ್ಯ ಕುಟುಂಬಗಳು ನಿತ್ಯ ಬಳಸುವ ಆ್ಯಪ್‌ಗಳೂ ಇಂಥವೇ ಆದ್ದರಿಂದ ಗೂಢಲಿಪಿಯನ್ನೇ ಅಪರಾಧವೆಂದು ಬಗೆಯಲಾಗದು. ಹಳೆಯ ರೇಡಿಯೊ ಕೇಳುಗನ ಸುಳಿವು ಕೊಡುತ್ತಿರಲಿಲ್ಲ. ಅಂಗೈಯ ಫೋನ್ ಕೊಡುತ್ತದೆ. ಅಂಕಿ ಓದುವ ದನಿಗಳು ಇನ್ನೂ ಪೂರ್ತಿ ನಿಲ್ಲದಿರುವುದಕ್ಕೆ ಇದೂ ಒಂದು ಕಾರಣ.