ಸಂಬಳವಿಲ್ಲದೆ ಬಂದ ಕನ್ನಡ

ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಶುರುವಾಗಿದ್ದು 2011ರಲ್ಲಿ. ಅಲ್ಲಿಗೆ ಹೊರಡೋ ಮುಂಚೆ ಊರಿನ ಹೆಸರನ್ನ ಫೋನಿನಲ್ಲಿ ಕನ್ನಡದಲ್ಲೇ ಒತ್ತಿದೆ, ದಾರಿ ಬಂತು. ಇದೇನು ಮಹಾ ಅಂತೀರಾ?

1995ರ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್‌ನೆಟ್ ಕೊಟ್ಟಾಗ ಅದರಲ್ಲಿ ಕನ್ನಡ ಎಲ್ಲಿತ್ತು ಹೇಳಿ? ಮರುವರ್ಷವೇ ‘ವಿಶ್ವಕನ್ನಡ’ ಬಂತು, ಕನ್ನಡದ ಮೊದಲ ಜಾಲತಾಣ. ಕಟ್ಟಿದ್ದು ಯಾವ ಇಲಾಖೆಯೂ ಅಲ್ಲ. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು.ಬಿ. ಪವನಜ.

ಯೂನಿಕೋಡ್ ಆಗಲೇ ಹುಟ್ಟಿತ್ತು. ಆದ್ರೆ ಮನೆಯ ಕಂಪ್ಯೂಟರಿಗೆ ಅದರ ಕನ್ನಡ ಗೊತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ನಮ್ಮ ಕೊಂಬು, ದೀರ್ಘ, ಒತ್ತುಗಳ ತುಂಡುಗಳನ್ನ ಕೂರಿಸಿದ ಫಾಂಟ್‌ಗಳು. ಓದುವವನ ಹತ್ತಿರ ಅದೇ ಫಾಂಟ್ ಇಲ್ಲದಿದ್ರೆ ಪುಟವೆಲ್ಲ ಕಲಸುಮೇಲೋಗರ! ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು, ಕಚೇರಿಗಳಿಗೆ ಕನ್ನಡ ಟೈಪಿಂಗ್ ಹತ್ತಿರವಾಯ್ತು.

ಒಂದು ಸಂಕಟ ಮಾತ್ರ ಉಳಿದಿದೆ. ಹಳೇ ಫಾಂಟಿನಲ್ಲಿ ಟೈಪಾದ ಬರಹವನ್ನ ಯೂನಿಕೋಡ್‌ಗೆ ತರದಿದ್ರೆ ಇವತ್ತಿನ ಹುಡುಕಾಟಕ್ಕೆ ಅದು ಸಿಗಲ್ಲ. ಆ ಕಾಲದಲ್ಲಿ ಯಾರೋ ಅಜ್ಜಿಯ ಬಾಯಿಂದ ಕೇಳಿ ಟೈಪ್ ಮಾಡಿಟ್ಟ ಬೀಸುಕಲ್ಲಿನ ಪದ ಫೈಲಿನಲ್ಲೇ ಇರುತ್ತೆ, ಕಣ್ಣಿಗೆ ಬೀಳಲ್ಲ. ಅದನ್ನ ಕೂತು ತಿದ್ದೋ ಕೆಲಸಕ್ಕೂ ಸಂಬಳ ಕೊಡೋರು ಕಾಣ್ತಿಲ್ಲ ನೋಡಿ.